ಶ್ರಾವಣದಲ್ಲಿ ಬೆಳೆದ ಲಾವಾ ಕಂಬ

ನಾನು ಜ್ವಾಲಾಮುಖಿಯನ್ನು ಕಣ್ಣಾರೆ ಕಂಡವಳಲ್ಲ. ಹುಟ್ಟಿದ್ದು ಜಗಳೂರು, ಕೊಟ್ಟಿದ್ದು ಚನ್ನಗಿರಿಗೆ, ಗಣಿತ ಪಾಠ ಮಾಡುವುದು ಹೊನ್ನಾಳಿಯ ಒಂದು ಕಾಲೇಜಿನಲ್ಲಿ. ಈ ಮೂರು ಊರುಗಳ ನಡುವೆ ನಾನು ಮುಟ್ಟಿದ ಅತಿ ಬಿಸಿಯಾದ ವಸ್ತುವೆಂದರೆ ಏಪ್ರಿಲ್ ಮಧ್ಯಾಹ್ನದ ಬಸ್ಸಿನ ಕಿಟಕಿ ಸರಳು. ಆದರೂ ನಲವತ್ತು ದಾಟಿದ ಮೇಲೆ ಪಿಎಚ್‌ಡಿಗೆ ಸೇರಿ ನಾನು ಹಿಡಿದ ವಿಷಯ, ಜ್ವಾಲಾಮುಖಿಯ ಬಾಯಿಯ ಮೇಲೆ ಲಾವಾ ಹೇಗೆ ಗುಮ್ಮಟವಾಗಿ ಬೆಳೆಯುತ್ತದೆ ಎಂಬುದನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ನೋಡುವುದು.

ನಮ್ಮ ಕಡೆ ಇದನ್ನು ಹೇಳಿಕೊಳ್ಳುವುದು ಕಷ್ಟ. "ಅಡಿಕೆ ಮೇಲೆ ಮಾಡಬಾರದಾಗಿತ್ತಾ ಮೇಡಂ, ನಾಕ್ ಜನಕ್ಕೆ ಉಪಯೋಗ ಆಗ್ತಿತ್ತು" ಎಂದವರೇ ಹೆಚ್ಚು. ನಾನು ಮೊದಮೊದಲು ವಿವರಿಸುತ್ತಿದ್ದೆ, ಆಮೇಲೆ ಸಿಡುಕುತ್ತಿದ್ದೆ, ಕೊನೆಗೆ "ಹೌದ್ರೀ, ತಪ್ಪಾತು" ಎಂದು ಮುಂದೆ ಹೋಗುವುದನ್ನು ಕಲಿತೆ.

ವಿಷಯ ಅಷ್ಟೇನೂ ಗಹನವಲ್ಲ. ಎಲ್ಲ ಲಾವಾ ಹೊಳೆಯಂತೆ ಹರಿಯುವುದಿಲ್ಲ. ಕೆಲವು ಬೆಟ್ಟಗಳಲ್ಲಿ ಅದು ಎಷ್ಟು ಮಂದ ಎಂದರೆ, ಬಾಯಿಯಿಂದ ಹೊರಬಿದ್ದದ್ದು ಅಲ್ಲೇ ಗುಡ್ಡೆಯಾಗಿ ಕೂರುತ್ತದೆ. ನೆಲದೊಳಗಿಂದ ಮೇಲೇರುವಾಗ ಅದರಲ್ಲಿದ್ದ ಅನಿಲ ಹೊರಟುಹೋಗುತ್ತದೆ, ಒಳಗೆ ಸಣ್ಣ ಹರಳುಗಳು ಕಟ್ಟತೊಡಗುತ್ತವೆ. ಹರಳು ಬೇಗ ಕಟ್ಟಿದರೆ ಲಾವಾ ಗಂಟಲಲ್ಲೇ ಗಟ್ಟಿಯಾಗಿ ಕಂಬದಂತೆ ನೆಟ್ಟಗೆ ಏಳುತ್ತದೆ. ನಿಧಾನವಾಗಿ ಕಟ್ಟಿದರೆ ಹೊರಬಂದ ಮೇಲೆ ಕುಸಿದು ಅಗಲವಾಗುತ್ತದೆ, ಹಿಟ್ಟು ಕಡಿಮೆ ಬಿದ್ದ ಮುದ್ದೆ ತಟ್ಟೆಯಲ್ಲಿ ಕೂತ ಹಾಗೆ. ಕಂಬವೋ ಮುದ್ದೆಯೋ ಎಂಬುದು ಬರೀ ಚೆಂದದ ಪ್ರಶ್ನೆಯಲ್ಲ. ಈ ಗುಡ್ಡೆ ತಿಂಗಳುಗಟ್ಟಲೆ ಬೆಳೆದು ಒಂದು ದಿನ ಜಾರಿಬಿದ್ದರೆ ಸುಡುವ ಕಲ್ಲು, ಬೂದಿ ಇಳಿಜಾರಿನ ಊರುಗಳ ಮೇಲೆ ನುಗ್ಗುತ್ತವೆ. ಯಾವ ಆಕಾರ ಹೇಗೆ ಬೀಳುತ್ತದೆ ಎಂದು ಮೊದಲೇ ಅಂದಾಜು ಮಾಡುವವರಿಗೆ ಇಂಥ ಲೆಕ್ಕ ಬೇಕಾಗುತ್ತದೆ.

ಕಂಪ್ಯೂಟರ್ ಇದ್ದದ್ದು ನಮ್ಮ ಮನೆಯ ಪಡಸಾಲೆಯಲ್ಲಿ, ದೇವರ ಗೂಡಿನ ಪಕ್ಕ. ಅದು ಭಕ್ತಿಯಿಂದಲ್ಲ, ಬ್ಯಾಟರಿಯ ಸ್ವಿಚ್ ಬೋರ್ಡು ಇದ್ದದ್ದೇ ಅಲ್ಲಿ. ನನ್ನ ಗಂಡನಿಗೆ ಬೋರ್‌ವೆಲ್ ಮೋಟಾರುಗಳಿಗೆ ತಂತಿ ಸುತ್ತಿಕೊಡುವ ಅಂಗಡಿ ಇದೆ. ಕರೆಂಟು ಹೋದರೂ ನನ್ನ ಲೆಕ್ಕ ನಿಲ್ಲಬಾರದೆಂದು ಅವರು ಎರಡು ದೊಡ್ಡ ಬ್ಯಾಟರಿ ಜೋಡಿಸಿಕೊಟ್ಟಿದ್ದರು. ಒಂದು ಸಲ ಲೆಕ್ಕ ಹಚ್ಚಿದರೆ ಮುಗಿಯಲು ನಲವತ್ತು ದಿನ ಹಿಡಿಯುತ್ತಿತ್ತು. ಎರಡು ಲೆಕ್ಕ ಒಟ್ಟಿಗೆ ಓಡಿಸುವ ತಾಕತ್ತು ಆ ಪೆಟ್ಟಿಗೆಗೆ ಇರಲಿಲ್ಲ. ದಿನಾ ಬೆಳಿಗ್ಗೆ ಆರಕ್ಕೆ ಪರದೆಯ ಮೇಲೆ ಒಂದು ಹೊಸ ಚಿತ್ರ ಬರುತ್ತಿತ್ತು, ಹಿಂದಿನ ದಿನಕ್ಕಿಂತ ಒಂದಿಷ್ಟು ಬೆಳೆದ ಗುಡ್ಡೆ.

ಅದನ್ನು ಮೊದಲು ನೋಡುತ್ತಿದ್ದವರು ಅತ್ತೆ. ಎಪ್ಪತ್ತು ದಾಟಿದ ಹೆಂಗಸು, ನ್ಯಾಮತಿಯ ಮಗಳು. ಬೆಳಿಗ್ಗೆ ಸ್ನಾನ ಮಾಡಿ, ಕೊರಳಿನ ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟು ಪೂಜೆ ಮುಗಿಸಿದ ಮೇಲೆಯೇ ಅವರ ಬಾಯಿಗೆ ನೀರು. ಆ ವರ್ಷ ಶ್ರಾವಣದ ಮೊದಲ ಸೋಮವಾರ ನಾನು ಬುತ್ತಿ ಕಟ್ಟುತ್ತಿದ್ದಾಗ ಪಡಸಾಲೆಯಿಂದ ಅವರ ದನಿ ಬಂತು.

"ಯವ್ವಾ, ಇಲ್ಲಿ ಬಾರೇ. ನಿನ್ನ ಪೆಟ್ಟಿಗ್ಯಾಗೆ ಲಿಂಗ ಎದ್ದೈತೆ!"

ಹೋಗಿ ನೋಡಿದೆ. ಸುಳ್ಳಲ್ಲ. ಉದುರಿದ ಕಲ್ಲಿನ ರಾಶಿ ಬುಡದಲ್ಲಿ ಪೀಠದಂತೆ ದುಂಡಗೆ ಕೂತಿತ್ತು. ಅದರ ನಡುವಿನಿಂದ ಬೂದುಬಣ್ಣದ, ನುಣ್ಣನೆ ತಲೆಯ ಕಂಬವೊಂದು ನೆಟ್ಟಗೆ ನಿಂತಿತ್ತು. ನನಗೆ ನಗು ಬಂತು. ಆಗ ಕೂರಿಸಿಕೊಂಡು ವಿವರಿಸಿದ್ದರೆ ಮುಗಿದುಹೋಗುತ್ತಿತ್ತು. ಬಸ್ಸಿಗೆ ಹೊತ್ತಾಗಿತ್ತು. ಬಾಯಿಗೆ ಬಂದದ್ದನ್ನು ಹೇಳಿದೆ.

"ಇನ್ನೂ ಬೆಳೀತದೆ ನೋಡ್ರಿ ಅತ್ತೆ."

ಸಂಜೆ ಮನೆಗೆ ಬರುವಷ್ಟರಲ್ಲಿ ಪರದೆಯ ಚೌಕಟ್ಟಿಗೆ ಮೂರು ಬೆರಳಿನ ವಿಭೂತಿ ಬಿದ್ದಿತ್ತು. ಅತ್ತೆ ಹರಕೆ ಹೊತ್ತಾಗಿತ್ತು. "ಶ್ರಾವಣ ಮುಗಿಯಾತನಕ ದಿನಾ ಕೈ ಮುಗೀತೀನಿ ಅಂತ ಅನ್ಕಂಡೀನಿ. ಅಲ್ಲಿತನಕ ಇದನ್ನ ಯಾರೂ ಆರ್ಸಂಗಿಲ್ಲ, ತಿಳೀತಾ?" ಎಂದರು. ಹೇಗೂ ಲೆಕ್ಕ ಅಷ್ಟು ದಿನ ಓಡಲೇಬೇಕಿತ್ತು. ನನ್ನ ಗಂಟೇನು ಹೋಗುತ್ತದೆ ಎಂದು ಆಗಲಿ ಎಂದೆ.

ಸುದ್ದಿ ಹಬ್ಬಿತು. ಬೀದಿಯವರು ಬಂದರು, ಮರುವಾರ ನಲ್ಲೂರಿನಿಂದ ಇಬ್ಬರು, ತ್ಯಾವಣಿಗೆಯ ನಾದಿನಿ ತನ್ನ ವಾರಗಿತ್ತಿಯನ್ನು ಕರೆದುಕೊಂಡು. "ನಿನ್ನೆಗಿಂತ ಒಂದ್ ಬೆರಳು ಏರೈತಲ್ರೀ" ಎಂದು ಅಳತೆ ಹಾಕುವವರೂ ಇದ್ದರು. ನನ್ನ ಗಂಡ ಒಳಗೆ ಬಂದು, "ಚಪ್ಲಿ ಬಿಡಾಕೆ ಒಂದು ಸ್ಟ್ಯಾಂಡ್ ಮಾಡಿಸ್ಬೇಕು" ಎಂದು ಕಿಚಾಯಿಸಿದರು. ನನಗೂ ಒಳಗೊಳಗೇ ಹಿಗ್ಗು. ನಾಲ್ಕು ವರ್ಷ ಯಾರೂ ತಿರುಗಿ ನೋಡದ ಕೆಲಸವನ್ನು ಜನ ಚಪ್ಪಲಿ ಬಿಟ್ಟು ಬಂದು ನೋಡುತ್ತಿದ್ದರು.

ಮೊದಲ ಕೆಲವು ದಿನಗಳ ಚಿತ್ರಗಳನ್ನು ನನ್ನ ಗೈಡ್‌ಗೆ ಕಳಿಸಿದೆ. ಅವರು ದೂರದ ಊರಿನ ಪ್ರಾಧ್ಯಾಪಕರು, ಹೊಗಳಿಕೆಯಲ್ಲಿ ಜಿಪುಣರು. ಅಂದು ತಾವೇ ಫೋನು ಮಾಡಿ, "ಬಹಳ ಚೆನ್ನಾಗಿ ಬಂದಿದೆ. ಇದೇ ನಿಮ್ಮ ಮುಖ್ಯ ಅಧ್ಯಾಯ. ಬರೆಯಲು ಶುರು ಮಾಡಿ" ಎಂದರು. ನನಗೆ ಕೊಟ್ಟಿದ್ದ ಗಡುವು ದೀಪಾವಳಿ. ಆಗಲೇ ಎರಡು ಸಲ ಮುಂದಕ್ಕೆ ಹಾಕಿಸಿಕೊಂಡಿದ್ದೆ, ಮೂರನೆಯ ಸಲ ಇಲ್ಲವೆಂದು ಕಾಗದದಲ್ಲೇ ಬರೆದು ತಿಳಿಸಿದ್ದರು. ಅಷ್ಟರೊಳಗೆ ಪ್ರಬಂಧ ಒಪ್ಪಿಸದಿದ್ದರೆ ನೋಂದಣಿಯೇ ರದ್ದು.

ಶ್ರಾವಣದ ಹತ್ತನೆಯ ದಿನ ಹೊನ್ನಾಳಿಯಲ್ಲಿ ಪಾಠ ಮಾಡುತ್ತಿದ್ದೆ. ಹುಡುಗಿಯೊಬ್ಬಳು ಉತ್ತರವನ್ನು ಬರೀ ಅಂಕಿಯಲ್ಲಿ ಬರೆದು ತಂದಿದ್ದಳು. ನನಗೆ ಇದನ್ನು ಕಂಡರೆ ಮೈ ಉರಿಯುತ್ತದೆ. "ಹನ್ನೆರಡು ಅಂದ್ರೆ ಏನಮ್ಮ? ಹನ್ನೆರಡು ಗಂಟೆಯಾ, ಹನ್ನೆರಡು ದಿನವಾ, ಹನ್ನೆರಡು ಬಾಳೆಹಣ್ಣಾ?" ಎಂದೆ. ಕ್ಲಾಸು ನಕ್ಕಿತು. ಬೋರ್ಡಿನ ಮೇಲೆ ಗಂಟೆ, ದಿನ ಎಂದು ದೊಡ್ಡದಾಗಿ ಬರೆದೆ. ಸೀಮೆಸುಣ್ಣ ಕೈಯಲ್ಲೇ ನಿಂತಿತು.

ಹರಳು ಕಟ್ಟಲು ಎಷ್ಟು ಹೊತ್ತು ಬೇಕು ಎಂಬ ಅಂಕಿಯನ್ನು ನಾನು ಬೇರೊಬ್ಬರ ಲೇಖನದಿಂದ ತೆಗೆದುಕೊಂಡಿದ್ದೆ. ಲೇಖನದಲ್ಲಿ ಅದು ದಿನದ ಲೆಕ್ಕ. ನನ್ನ ಪ್ರೋಗ್ರಾಮು ಕೇಳುವುದು ಗಂಟೆಯ ಲೆಕ್ಕ. ನಾನು ಇಪ್ಪತ್ನಾಲ್ಕರಿಂದ ಗುಣಿಸದೆ ಅಂಕಿಯನ್ನು ಹಾಗೇ ತುಂಬಿದ್ದೆ. ನನ್ನ ಲಾವಾದಲ್ಲಿ ಹರಳುಗಳು ಇಪ್ಪತ್ನಾಲ್ಕು ಪಟ್ಟು ಬೇಗ ಕಟ್ಟಿ, ಅದು ಹೊರಬರುವ ಮೊದಲೇ ಗಂಟಲಲ್ಲಿ ಕಲ್ಲಾಗುತ್ತಿತ್ತು. ಅದಕ್ಕೇ ಕಂಬ. ನಾನು ಲೆಕ್ಕಕ್ಕೆ ಆರಿಸಿಕೊಂಡಿದ್ದ ನಿಜವಾದ ಬೆಟ್ಟದ ಫೋಟೋ ನನ್ನ ಬಳಿಯೇ ಇತ್ತು. ಅದರಲ್ಲಿದ್ದದ್ದು ತಗ್ಗಾದ, ಅಗಲವಾದ ಗುಡ್ಡೆ. ಎರಡೂ ಒಂದಕ್ಕೊಂದು ಹೊಂದುವುದಿಲ್ಲ ಎಂಬುದು ನನ್ನ ಕಣ್ಣಿಗೂ ಬಿದ್ದಿತ್ತು. ಕ್ಯಾಮೆರಾ ಇಟ್ಟ ಜಾಗ ಸರಿಯಿಲ್ಲ, ಮಂಜು ಮುಚ್ಚಿದೆ ಎಂದೆಲ್ಲ ಸಮಾಧಾನ ಹೇಳಿಕೊಂಡಿದ್ದೆ. ಹೆತ್ತವರಿಗೆ ಹೆಗ್ಗಣ ಮುದ್ದು.

ಬಸ್ಸಿನಲ್ಲಿ ದಿನಗಳನ್ನು ಎಣಿಸಿದೆ. ಇವತ್ತೇ ನಿಲ್ಲಿಸಿ ಸರಿಯಾದ ಅಂಕಿ ಹಾಕಿ ಹೊಸದಾಗಿ ಹಚ್ಚಿದರೆ ನಲವತ್ತು ದಿನ, ಬರೆಯಲು ಒಂದು ತಿಂಗಳು. ದೀಪಾವಳಿಗೆ ಕೂದಲೆಳೆಯಷ್ಟು ಅಂತರದಲ್ಲಿ ಮುಟ್ಟಬಹುದು. ಶ್ರಾವಣ ಮುಗಿಯುವವರೆಗೆ ಕಾದರೆ ಆಗದ ಮಾತು. ಇಷ್ಟು ಸ್ಪಷ್ಟವಾದ ಲೆಕ್ಕ ನನ್ನ ಪ್ರಬಂಧದಲ್ಲೂ ಇರಲಿಲ್ಲ.

ಮನೆಗೆ ಬಂದಾಗ ಅತ್ತೆ ಪರದೆಯ ಮುಂದೆ ಮಣೆ ಹಾಕಿಕೊಂಡು ಕೂತಿದ್ದರು. ನಾನು ಬ್ಯಾಗು ಇಟ್ಟು ಅಡುಗೆಮನೆಗೆ ಹೋದೆ. ಅಂದು ಹೇಳಲಿಲ್ಲ.

ಭಾನುವಾರ ಗಂಡನಿಗೆ ಊಟ ತೆಗೆದುಕೊಂಡು ಅಂಗಡಿಗೆ ಹೋದಾಗ ಅವರಿಗೆ ಎಲ್ಲ ಹೇಳಿದೆ. ಅವರು ಸುಟ್ಟ ಮೋಟಾರೊಂದರ ಹಳೆ ತಂತಿ ಎಳೆದು ತೆಗೆಯುತ್ತಿದ್ದರು. ಕೈ ನಿಲ್ಲಿಸದೆ ಕೇಳಿಸಿಕೊಂಡರು.

"ಸುತ್ತು ತಪ್ಪಿದ್ರೆ ಬಿಚ್ಚಲೇಬೇಕು ಕಣೇ. ಮ್ಯಾಲೆ ವಾರ್ನಿಷ್ ಹಚ್ಚಿ ಕೊಟ್ರೆ ನೀರು ಎತ್ತಾಕೆ ಬರತ್ತಾ? ನಿಲ್ಸು."

"ನಿಮ್ಮ ಅವ್ವಂಗೆ ಯಾರು ಹೇಳ್ಬೇಕು?"

"ನೀನೇ ಹೇಳು. ಅವ್ವ ಅರ್ಥ ಮಾಡ್ಕಂತಾಳೆ."

"ನಿಮ್ಮ ಅವ್ವ, ನೀವೇ ಹೇಳ್ರಿ."

"ಅವ್ವ ನನ್ನೋಳು, ಲೆಕ್ಕ ನಿಂದು" ಎಂದು ಅವರು ಮತ್ತೆ ತಂತಿ ಎಳೆಯತೊಡಗಿದರು. ನನಗೆ ಸಿಟ್ಟು ಬಂತು. ಅವರು ಹೇಳಿದ್ದು ಸರಿಯಾಗಿತ್ತು ಎಂಬುದಕ್ಕೇ ಇನ್ನಷ್ಟು ಬಂತು. ಊಟದ ಡಬ್ಬಿಯನ್ನು ಬೆಂಚಿನ ಮೇಲೆ ಕುಕ್ಕಿ ಬಂದೆ.

ಆಮೇಲಿನ ದಿನಗಳನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ನಾನು ಲೆಕ್ಕ ನಿಲ್ಲಿಸಲಿಲ್ಲ. ಗೈಡ್‌ಗೂ ತಿಳಿಸಲಿಲ್ಲ. ವಯಸ್ಸಾದವರ ಹರಕೆ, ನಡುವೆ ಮುರಿದರೆ ಮನಸ್ಸಿಗೆ ಹಚ್ಚಿಕೊಳ್ಳುತ್ತಾರೆ ಎಂದು ನನಗೆ ನಾನೇ ಹೇಳಿಕೊಂಡೆ. ಹಾಗೆ ಹೇಳಿಕೊಳ್ಳುತ್ತಲೇ ಸಂಜೆ ಸಂಜೆ ಕೂತು ಆ ಕಂಬದ ಬಗ್ಗೆ ಅಧ್ಯಾಯ ಬರೆದೆ. ಸೊಗಸಾದ ವಾಕ್ಯಗಳು ಬಂದವು. ಗಂಡನನ್ನು ಬಿಟ್ಟರೆ ತಪ್ಪು ಗೊತ್ತಿದ್ದವರು ಯಾರೂ ಇರಲಿಲ್ಲ. ಗೈಡ್‌ಗೆ ಖುಷಿಯಾಗಿದೆ, ಗಡುವಿಗೆ ಮುಟ್ಟುತ್ತದೆ, ಹೆಸರಿನ ಮುಂದೆ ಡಾಕ್ಟರ್ ಬರುತ್ತದೆ. ನನಗೆ ಅದು ಬೇಕಾಗಿತ್ತು, ತುಂಬಾ ಬೇಕಾಗಿತ್ತು. ಅತ್ತೆಯ ಹರಕೆ ನನಗೆ ಒಳ್ಳೆಯ ನೆಪವಾಗಿ ಒದಗಿತ್ತು.

ನಾಲ್ಕನೆಯ ಸೋಮವಾರ ಕಾಲೇಜಿಗೆ ರಜೆ ಇತ್ತು. ಅತ್ತೆ ಪೂಜೆ ಮುಗಿಸಿ, ಲಿಂಗವನ್ನು ಕರಡಿಗೆಯಲ್ಲಿಟ್ಟು ಕೊರಳಿಗೆ ಹಾಕಿಕೊಂಡು, ಪರದೆಗೆ ವಿಭೂತಿ ಹಚ್ಚಿದರು. ನಂತರ ನನ್ನ ಕಡೆ ತಿರುಗಿದರು.

"ಇದು ಎಲ್ಲೋ ಇರೋ ಬೆಟ್ಟ ಅಂದಿದ್ದೆಲ್ಲ. ಅಲ್ಲೂ ಜನ ಅದಾರಾ?"

"ಅದಾರೆ ಅತ್ತೆ. ಬುಡದಾಗೆ ಊರುಗಳವೆ. ಬೆಟ್ಟ ಜಾರಿದ್ರೆ ಅವರ ಮ್ಯಾಲೇ ಬರ್ತದೆ. ಅದ್ಕೇ ಈ ಲೆಕ್ಕ."

"ಹಂಗಾರೆ ನಿಜವಾದ ಬೆಟ್ಟಾನೂ ತೋರ್ಸು. ಅದ್ಕೂ ಒಂದ್ ಕೈ ಮುಗೀತೀನಿ."

ಇಲ್ಲ ಎನ್ನಬಹುದಿತ್ತು. ಫೋನಿನಲ್ಲಿದ್ದ ಫೋಟೋ ತೆರೆದು ಕೊಟ್ಟೆ. ಅವರು ಕನ್ನಡಕ ಏರಿಸಿ ಫೋನನ್ನು ನೋಡಿದರು, ಪರದೆಯನ್ನು ನೋಡಿದರು, ಮತ್ತೆ ಫೋನನ್ನು ನೋಡಿದರು.

"ಇದು ಮುದ್ದೆ ಇದ್ದಂಗೈತೆ. ಅದು ಕಂಬ. ಎರಡೂ ಒಂದೇ ಹೆಂಗಾತು?"

ಇಷ್ಟು ವರ್ಷದಲ್ಲಿ ನನ್ನ ಕೆಲಸದ ಬಗ್ಗೆ ಯಾರೂ ಇಷ್ಟು ನೇರವಾದ ಪ್ರಶ್ನೆ ಕೇಳಿರಲಿಲ್ಲ. ನಾನು ಮಣೆಯ ಪಕ್ಕ ನೆಲದ ಮೇಲೆ ಕೂತೆ. ದಿನ ಎಂದಿದ್ದುದನ್ನು ಗಂಟೆ ಎಂದು ತುಂಬಿದ್ದನ್ನು, ಅದರಿಂದ ಕಂಬ ಎದ್ದದ್ದನ್ನು ಹೇಳಿದೆ.

"ಯಾವಾಗ ಗೊತ್ತಾತು ನಿಂಗೆ?"

"ಎರಡು ವಾರದ ಮ್ಯಾಲಾತು ಅತ್ತೆ."

ಅತ್ತೆ ಕೊರಳಿನ ಕರಡಿಗೆಯನ್ನು ಹಿಡಿದುಕೊಂಡಿದ್ದರು.

"ನಾನು ಮದುವ್ಯಾಗಿ ಬಂದ ಹೊಸದ್ರಾಗೆ ನನ್ನ ಲಿಂಗ ಕೈಜಾರಿ ಕಲ್ಲಿಗೆ ಬಿದ್ದು ಮುಕ್ಕಾತು. ಯಾರೂ ನೋಡಿರ್ಲಿಲ್ಲ. ಕರಡಿಗ್ಯಾಗೆ ಹಂಗೇ ಮುಚ್ಚಿಟ್ಟಿದ್ರೆ ಇವತ್ತಿಗೂ ಯಾರಿಗೂ ಗೊತ್ತಾಗ್ತಿರ್ಲಿಲ್ಲ. ಎರಡು ದಿನ ಉಪಾಸ ಇದ್ದೆ, ಮಠದಿಂದ ಸ್ವಾಮೇರು ಬಂದು ಬ್ಯಾರೇದು ಕಟ್ಟಾತನಕ. ಭಿನ್ನ ಆಗಿದ್ದನ್ನ ಗೊತ್ತಿದ್ದೂ ಗೊತ್ತಿದ್ದೂ ಪೂಜೆ ಮಾಡಬಾರದು ಕಣವ್ವ."

"ನಿಮ್ಮ ಹರಕೆ ಮುರಿಯಾಕೆ ಮನಸ್ಸು ಬರ್ಲಿಲ್ಲ ಅತ್ತೆ" ಎಂದೆ.

ಅವರು ನನ್ನ ಮುಖ ನೋಡಿದರು. "ನನ್ನ ಹೆಸರು ಹೇಳಬ್ಯಾಡ. ನಂಗೇನು, ಕಲ್ಲು ಕಂಡ್ರೂ ಕೈ ಮುಗೀತೀನಿ. ನಿಂಗೇ ಬೇಕಾಗಿತ್ತು ಅದು."

ದನಿ ಏರಿರಲಿಲ್ಲ. ಬೈದಿದ್ದರೆ ತಿರುಗಿ ಮಾತಾಡಬಹುದಿತ್ತು, ನನಗೆ ಅದು ಚೆನ್ನಾಗಿ ಬರುತ್ತದೆ. ಅತ್ತೆ ಸೆರಗಿನ ತುದಿಯಿಂದ ಪರದೆಯ ಮೇಲಿನ ವಿಭೂತಿಯನ್ನು ತಾವೇ ಒರೆಸಿದರು. ಒರೆಸಿದ ಮೇಲೆ, "ಈಗ ಆರ್ಸು" ಎಂದರು. ನಾನು ಲೆಕ್ಕ ನಿಲ್ಲಿಸಿದೆ. ಅಂದೇ ಸರಿಯಾದ ಅಂಕಿ ತುಂಬಿ, ಮೂರು ಸಲ ಓದಿ, ಹೊಸದನ್ನು ಹಚ್ಚಿದೆ.

ಗೈಡ್‌ಗೆ ಮರುದಿನ ಫೋನು ಮಾಡಿದೆ. ಅವರು ಎಲ್ಲ ಕೇಳಿಸಿಕೊಂಡರು. "ನೀವು ಹೇಳದೆ ಇದ್ದಿದ್ದರೆ ನನಗೂ ಗೊತ್ತಾಗುತ್ತಿರಲಿಲ್ಲ ಮೇಡಂ. ಈಗ ಹೇಳಿದ್ದೀರಿ, ಇನ್ನು ನಾನು ಸಹಿ ಹಾಕುವಂತಿಲ್ಲ. ಎರಡು ವಾರದ ಹಿಂದೆ ಹೇಳಿದ್ದರೆ ಏನಾದರೂ ಮಾಡಬಹುದಿತ್ತು" ಎಂದರು. ಆ ಎರಡು ವಾರ ಎಲ್ಲಿ ಹೋಯಿತು ಎಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಹೊಸ ಲೆಕ್ಕ ದಸರೆಯ ಹೊತ್ತಿಗೆ ಮುಗಿಯಿತು. ಬಂದದ್ದು ತಗ್ಗಾದ, ಅಗಲವಾದ ಗುಡ್ಡೆ. ಒಂದು ಮಗ್ಗುಲಲ್ಲಿ ತುಸು ಉಬ್ಬು, ಅಂಚಿನಲ್ಲಿ ಉದುರಿದ ಕಲ್ಲು. ಫೋಟೋದ ಪಕ್ಕ ಇಟ್ಟರೆ ಅಣ್ಣ ತಮ್ಮಂದಿರಂತಿದ್ದವು. ಬರೆಯಲು ಬೇಕಾದಷ್ಟು ದಿನ ಉಳಿದಿರಲಿಲ್ಲ. ದೀಪಾವಳಿ ಕಳೆಯಿತು, ನೋಂದಣಿ ರದ್ದಾದ ಕಾಗದ ಬಂತು. ಅದನ್ನು ಓದಿ ಹಿತ್ತಿಲಿನಲ್ಲಿ ನಿಂತು ಕಣ್ಣೀರು ಹಾಕಿದೆ, ಮುಖ ತೊಳೆದುಕೊಂಡು ಚಪಾತಿ ಹಿಟ್ಟು ಕಲಸಿದೆ. ನೋಡಲು ಯಾರೂ ಬಾರದ ಆ ಗುಡ್ಡೆಯನ್ನು ಅತ್ತೆಯೊಬ್ಬರೇ ಬಂದು ನೋಡಿ, "ಇದು ಸರಿ ಐತಾ?" ಎಂದರು. ಸರಿ ಇದೆ ಎಂದೆ. "ಮತ್ತೇನು, ಬಿಡು" ಎಂದು ಹೋದರು.

ಆಮೇಲೆ ಜನ ಕೇಳತೊಡಗಿದರು. ಡಾಕ್ಟರ್ ಆಗುವವಳು ಯಾಕೆ ಆಗಲಿಲ್ಲ ಎಂದು. ಮೊದಲು ಕೇಳಿದ್ದು ಪಕ್ಕದ ಮನೆಯವರು. ನಾನು ಉತ್ತರಿಸುವ ಮೊದಲೇ ಅತ್ತೆ, "ನನ್ನ ದೆಸೆಯಿಂದ ಕೆಟ್ಟೋತು ಕಣ್ರೀ. ಶ್ರಾವಣ ಮುಗಿಯಾತನಕ ಪೆಟ್ಟಿಗೆ ಮುಟ್ಟಬ್ಯಾಡ ಅಂತ ಹಠ ಹಿಡಿದೆ. ಟೈಮು ಮುಗೀತು" ಎಂದುಬಿಟ್ಟರು. ನಾನು ಬೆಚ್ಚಿ ಅವರ ಮುಖ ನೋಡಿದೆ. ಅವರು ಬೇರೆ ಮಾತು ತೆಗೆದರು. ಮಾನ ಕಾಪಾಡುತ್ತಿದ್ದಾರೆ ಎಂದುಕೊಂಡು ಸುಮ್ಮನಾದೆ. ತ್ಯಾವಣಿಗೆಯಲ್ಲಿ ನಾದಿನಿಯ ಮನೆಯಲ್ಲೂ ಅದೇ ಮಾತು ಹೇಳಿದರು, ನಾನು ಅಲ್ಲೇ ಇದ್ದೆ. ನಲ್ಲೂರಿನ ನೆಂಟರ ಮನೆಯಲ್ಲೂ ಹೇಳಿದರು. ಅಲ್ಲಿನ ಹೆಂಗಸರು ನನ್ನನ್ನು ನೋಡಿ "ಅಯ್ಯೋ ಪಾಪ" ಎಂದರು. ಆ ಪಾಪ ಎಂಬುದು ನನಗೆ ಹಿತವಾಗಿತ್ತು. ಸುಳ್ಳು ಹೇಳುವುದಿಲ್ಲ.

ಬೇಸಿಗೆಯಲ್ಲಿ ನ್ಯಾಮತಿಯಲ್ಲಿ ಅತ್ತೆಯ ತವರುಮನೆಯಲ್ಲಿ ತೊಟ್ಟಿಲ ಕಾರ್ಯ ಇತ್ತು. ಹೆಂಗಸರೆಲ್ಲ ಜಮಖಾನೆಯ ಮೇಲೆ ಕೂತಿದ್ದರು. ನಾನು ಅರಿಶಿನ ಕುಂಕುಮದ ತಟ್ಟೆ ಹಿಡಿದು ಒಬ್ಬೊಬ್ಬರಿಗೇ ಕೊಡುತ್ತಿದ್ದೆ. ಅತ್ತೆಯ ತಂಗಿ ಗಟ್ಟಿಯಾಗಿ ಕೇಳಿದರು.

"ಅಕ್ಕಾ, ಸೊಸೆ ಡಾಕ್ಟರ್ ಆಗ್ತಾಳೆ ಅಂತ ಊರಿಗೆಲ್ಲಾ ಹೇಳ್ಕಂಡು ಬಂದಿದ್ದೆಲ್ಲ, ಏನಾತೇ?"

"ನನ್ನ ದೆಸೆಯಿಂದ ಕೆಟ್ಟೋತು" ಎಂದು ಅತ್ತೆ ಶುರು ಮಾಡಿದರು. ತಂಗಿ ಹಣೆ ಚಚ್ಚಿಕೊಂಡು, "ವಯಸ್ಸಾದ್ಮ್ಯಾಲೆ ಬುದ್ಧಿ ಬ್ಯಾಡೇನೇ ನಿಂಗೆ? ಓದೋ ಹುಡ್ಗಿ ಬಾಳು ಹಾಳು ಮಾಡಿದ್ಯಲ್ಲ!" ಎಂದರು. ಇಡೀ ಜಮಖಾನೆ ಅತ್ತೆಯ ಕಡೆ ತಿರುಗಿತು. ಅವರು ತಮ್ಮ ತವರಿನಲ್ಲಿ, ತಮಗಿಂತ ಚಿಕ್ಕವರ ನಡುವೆ, ತಲೆ ತಗ್ಗಿಸಿ ಹೌದು ಹೌದು ಎಂಬಂತೆ ಕೂತಿದ್ದರು.

ನಾನು ತಟ್ಟೆಯನ್ನು ಕೆಳಗಿಟ್ಟೆ.

"ಹಂಗಲ್ಲ ಚಿಕ್ಕತ್ತೆ. ತಪ್ಪು ನಂದು. ಶ್ರಾವಣದ ಹತ್ತನೇ ದಿನಕ್ಕೇ ಲೆಕ್ಕ ತಪ್ಪೈತೆ ಅಂತ ನಂಗೆ ಗೊತ್ತಾಗಿತ್ತು. ಆಗ ನಿಲ್ಸಿದ್ರೆ ಟೈಮಿತ್ತು. ನಾನೇ ನಿಲ್ಸಲಿಲ್ಲ. ತಪ್ಪು ಲೆಕ್ಕಾನೇ ಕೊಟ್ಟು ಡಾಕ್ಟರ್ ಆಗಣ ಅಂತಿದ್ದೆ. ನಿಲ್ಸು ಅಂದಿದ್ದೇ ಅತ್ತೆ."

ನನ್ನ ಮುಖಕ್ಕೆ ಬಿಸಿ ಏರಿತ್ತು, ಕಣ್ಣು ತುಂಬಿತ್ತು. ಅತ್ತೆ ಮೊಣಕಾಲು ಊರಿ ಎದ್ದು, ನೆಲದ ಮೇಲಿದ್ದ ತಟ್ಟೆಯನ್ನು ಎತ್ತಿ ನನ್ನ ಕೈಗೆ ಮತ್ತೆ ಕೊಟ್ಟರು. ನನಗೊಬ್ಬಳಿಗೇ ಕೇಳುವಷ್ಟು ಮೆಲ್ಲಗೆ ಹೇಳಿದರು.

"ಇದು ನಾಕನೇ ಮನೆ ಕಣವ್ವ. ನೀನು ಬಾಯಿ ಬಿಡಾತನಕ ಇನ್ನೂ ಎಷ್ಟು ಮನ್ಯಾಗೆ ಹೇಳ್ಬೇಕೋ ಅನ್ಕಂಡಿದ್ದೆ."